ಹಳೆಯ ಹೋಮ್ ಥಿಯೇಟರಿಗೆ ಮರುಜೀವ: ಫೋಮ್ ಕಿಟ್, ಬಳಸಿದ ರಿಸೀವರ್ ಮತ್ತು ಒಂದಿಷ್ಟು ತಾಳ್ಮೆ

ನಮ್ಮ ಮನೆಯ ಹೋಮ್ ಥಿಯೇಟರ್ 2008ರಲ್ಲಿ ಕೊಂಡದ್ದು. ಮುಂದೆ ಎಡಬಲಕ್ಕೆ ಆರೂವರೆ ಇಂಚಿನ ವೂಫರ್ (ದಪ್ಪ ದನಿ ಹೊಮ್ಮಿಸುವ ಭಾಗ) ಇರುವ ಎರಡು ಬುಕ್‌ಶೆಲ್ಫ್ ಸ್ಪೀಕರ್, ಟಿವಿಯ ಕೆಳಗೆ ಒಂದು ಸೆಂಟರ್, ಹಿಂದೆ ಎರಡು ಪುಟ್ಟ ಸರೌಂಡ್ ಸ್ಪೀಕರ್, ಮೂಲೆಯಲ್ಲಿ ಹತ್ತು ಇಂಚಿನ ಸಬ್‌ವೂಫರ್, ಇವೆಲ್ಲವನ್ನೂ ನಡೆಸುವ ಒಂದು ಎವಿ ರಿಸೀವರ್. ಅದರ ಮುಂದೆ ಕುಳಿತು ಮನೆಮಂದಿಯೆಲ್ಲ ನೋಡಿದ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಈಚೆಗೆ ಎಡಗಡೆಯ ಸ್ಪೀಕರ್ ದಪ್ಪ ದನಿ ಬಂದಾಗಲೆಲ್ಲ ಗರಗರ ಎನ್ನತೊಡಗಿತ್ತು, ಸೆಂಟರ್ ಸ್ಪೀಕರ್ ಆಗಾಗ ಮೌನವಾಗುತ್ತಿತ್ತು, ಸಬ್‌ವೂಫರ್‌ನಿಂದ ಸದಾ ಒಂದು ಗುಂಯ್‌ಗುಡುವಿಕೆ ಕೇಳುತ್ತಿತ್ತು, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಸದ್ದು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪಾತ್ರಗಳ ಮಾತು ಅರ್ಥವಾಗದೆ ಎಲ್ಲರೂ ಸಬ್‌ಟೈಟಲ್ ಹಾಕಿಕೊಂಡು ನೋಡುವಂತಾಗಿತ್ತು. ಇದನ್ನೆಲ್ಲ ತೆಗೆದುಹಾಕಿ ಒಂದು ಸೌಂಡ್‌ಬಾರ್ ತರುವುದೇ, ಅಥವಾ ಇದ್ದುದನ್ನೇ ಸರಿಪಡಿಸುವುದೇ ಎಂಬ ಪ್ರಶ್ನೆ ಬಂದಾಗ ನಾನು ಎರಡನೆಯದನ್ನು ಆರಿಸಿಕೊಂಡೆ. ಖರ್ಚಿಗೆ ಒಂದು ಮಿತಿಯನ್ನೂ ಹಾಕಿಕೊಂಡೆ: ಒಳ್ಳೆಯ ಸೌಂಡ್‌ಬಾರ್ ಒಂದರ ಬೆಲೆಯ ಅರ್ಧವನ್ನು ಒಟ್ಟು ವೆಚ್ಚ ದಾಟಬಾರದು. ಆ ಮಿತಿಯೊಳಗೆ ಕೊಂಡ ಮತ್ತು ಮಾಡಿದ ಒಂದೊಂದರ ಬಗ್ಗೆಯೂ ನನ್ನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಸ್ಪೀಕರ್ ಎಂಬುದು ಬೇಗ ಹಳತಾಗುವ ವಸ್ತುವಲ್ಲ. ಮರದ ಪೆಟ್ಟಿಗೆ, ಅಯಸ್ಕಾಂತ, ತಾಮ್ರದ ಸುರುಳಿ, ಕಂಪಿಸಿ ಸದ್ದು ಹೊಮ್ಮಿಸುವ ಕಾಗದದ ಅಥವಾ ಪಾಲಿಪ್ರೊಪಿಲೀನಿನ ಕೋನ್ ಇವು ದಶಕಗಟ್ಟಲೆ ಬಾಳುತ್ತವೆ. ಅದರಲ್ಲಿ ಕೆಡುವುದು ಕೋನ್‌ನ ಅಂಚಿನ ಫೋಮ್ ಬಳೆ, ದಪ್ಪ ಮತ್ತು ತೆಳು ದನಿಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್ ಸರ್ಕ್ಯೂಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಮತ್ತು ತಂತಿ ಸಿಕ್ಕಿಸುವ ಜಾಗಗಳು. ರಿಸೀವರ್‌ನ ವಿಷಯ ಬೇರೆ. ಅದರ ಆಂಪ್ಲಿಫೈಯರ್ ಚೆನ್ನಾಗಿದ್ದರೂ ಹೊರಗಿನ ಟಿವಿ ಮತ್ತು ಸ್ಟ್ರೀಮಿಂಗ್ ಜಗತ್ತು ಬದಲಾದಂತೆ ಅದರ ಕಿವಿ ಮಂದವಾಗುತ್ತದೆ. ಹೀಗಾಗಿ ಸ್ಪೀಕರ್‌ಗಳನ್ನು ಉಳಿಸಿಕೊಳ್ಳುವುದು, ಹಣವನ್ನು ಕೆಟ್ಟ ಕೀಲುಗಳಿಗಷ್ಟೇ ಹಾಕುವುದು ಎಂದು ನಿರ್ಧರಿಸಿದೆ. ಪ್ರತಿ ಸ್ಪೀಕರ್‌ನ ತುದಿಗಳಿಗೆ ಮಲ್ಟಿಮೀಟರ್ ಹಿಡಿದು ರೋಧವನ್ನು ಅಳೆದಾಗ ಎಂಟು ಓಮ್ ಎಂದು ಬರೆದಿದ್ದ ಸ್ಪೀಕರ್‌ಗಳೆಲ್ಲ ಆರರ ಆಸುಪಾಸಿನಲ್ಲಿ ತೋರಿಸಿದವು. ನೇರ ವಿದ್ಯುತ್ತಿಗೆ ಅಷ್ಟೇ ತೋರಿಸುವುದು ಸಹಜ, ಆದ್ದರಿಂದ ಸುರುಳಿಗಳು ಸುಟ್ಟಿಲ್ಲವೆಂಬುದು ಖಾತ್ರಿಯಾಯಿತು.

ಗರಗರ ಸದ್ದಿನ ಮೂಲ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಎಡ ಸ್ಪೀಕರ್‌ನ ಬಟ್ಟೆಯ ಮುಸುಕು ತೆಗೆದು ಕೋನ್‌ನ ಅಂಚನ್ನು ಬೆರಳ ತುದಿಯಿಂದ ಮುಟ್ಟಿದೆ. ಬೂದು ಬಣ್ಣದ ಫೋಮ್ ಒಣಗಿದ ಕೇಕಿನಂತೆ ಪುಡಿಯಾಗಿ ಉದುರಿತು, ಉಳಿದದ್ದು ಡಾಂಬರಿನಂತೆ ಬೆರಳಿಗೆ ಅಂಟಿಕೊಂಡಿತು. ಪಾಲಿಯುರಿಥೇನ್ ಫೋಮ್ ಗಾಳಿಯ ತೇವಾಂಶ ಮತ್ತು ಆಮ್ಲಜನಕದೊಂದಿಗೆ ನಿಧಾನವಾಗಿ ವರ್ತಿಸಿ ಶಿಥಿಲವಾಗುತ್ತದೆ. ಸ್ಪೀಕರನ್ನು ಬಳಸದೆ ಸುಮ್ಮನೆ ಇಟ್ಟಿದ್ದರೂ ಇದು ತಪ್ಪುವುದಿಲ್ಲ. ಬ್ಯೂಟೈಲ್ ರಬ್ಬರಿನ ಬಳೆ ಇರುವ ಸ್ಪೀಕರ್‌ಗಳಿಗೆ ಈ ಕಾಟ ಕಡಿಮೆ. ಬಳೆ ಹರಿದಾಗ ಕೋನ್ ನೇರವಾಗಿ ಚಲಿಸದೆ ವಾಲುತ್ತದೆ, ಸುರುಳಿ ಅಯಸ್ಕಾಂತದ ಸಂದಿನ ಗೋಡೆಗೆ ಉಜ್ಜುತ್ತದೆ, ಆಗ ಗರಗರ ಸದ್ದು ಬರುತ್ತದೆ. ಹಾಗೆಯೇ ಬಿಟ್ಟರೆ ಸುರುಳಿಯೂ ಹೋಗಿ ಸ್ಪೀಕರನ್ನೇ ಎಸೆಯಬೇಕಾಗುತ್ತದೆ. ಬಲ ಸ್ಪೀಕರ್‌ನ ಬಳೆ ಇನ್ನೂ ಹರಿದಿರಲಿಲ್ಲ, ಆದರೆ ಒತ್ತಿದರೆ ಬಿರುಕು ಬಿಡುತ್ತಿತ್ತು. ಎರಡನ್ನೂ ಒಟ್ಟಿಗೇ ಬದಲಿಸಿದರೆ ಎಡಬಲದ ದನಿ ಹೊಂದಿಕೆಯಾಗಿರುತ್ತದೆ.

ಜೋಡಿ ಬಳೆ, ಒಂದು ಬಾಟಲಿ ಅಂಟು, ಹಚ್ಚಲು ಒಂದು ಕುಂಚ ಇಷ್ಟಿರುವ ಕಿಟ್ ತರಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಹಣಕ್ಕೆ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಇದೇ. ಕಿಟ್ ಆರಿಸುವಾಗ ‘ಆರೂವರೆ ಇಂಚು’ ಎಂಬ ಹೆಸರನ್ನು ನಂಬಿದರೆ ಸಾಲದು. ಕೋನ್‌ನ ವ್ಯಾಸ, ಫ್ರೇಮಿನ ಒಳ ಮತ್ತು ಹೊರ ವ್ಯಾಸ ಇವನ್ನು ಮಿಲಿಮೀಟರಿನಲ್ಲಿ ಅಳೆದು ಹೋಲಿಸಬೇಕು. ನಾನು ಮೊದಲ ಸಲ ಫ್ರೇಮನ್ನು ಮಾತ್ರ ಅಳೆದು ತರಿಸಿದ ಬಳೆ ಕೋನ್‌ನ ಕಡೆ ನಾಲ್ಕು ಮಿಲಿಮೀಟರ್ ದೊಡ್ಡದಾಗಿ ಅಂಟಲು ಜಾಗವೇ ಸಿಗಲಿಲ್ಲ, ಅದನ್ನು ಹಿಂತಿರುಗಿಸಬೇಕಾಯಿತು. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತೆಗೆಯುವುದೇ ಈ ಕೆಲಸದ ಮುಕ್ಕಾಲು ಪಾಲು. ಇಲ್ಲಿ ಅವಸರ ಸಲ್ಲದು, ಚಾಕು ಜಾರಿ ಕಾಗದದ ಕೋನ್ ಹರಿದರೆ ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬಂತಾಗುತ್ತದೆ. ಒಂದು ಸ್ಪೀಕರಿಗೆ ನನಗೆ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯಿತು.

ಬಳೆಯನ್ನು ಮೊದಲು ಕೋನಿಗೆ ಅಂಟಿಸಿ, ಅದು ಒಣಗಿದ ಮೇಲೆ ಫ್ರೇಮಿಗೆ ಅಂಟಿಸಬೇಕು. ಈ ಎರಡನೆಯ ಹಂತದಲ್ಲಿ ಕೋನ್ ನಟ್ಟನಡುವೆ ನಿಲ್ಲುವಂತೆ ನೋಡಿಕೊಳ್ಳುವುದೇ ಎಲ್ಲ. ಇದಕ್ಕೆ ಧೂಳುಮುಚ್ಚಳ ತೆಗೆದು ಸುರುಳಿಯ ಸುತ್ತ ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳನ್ನು ತೂರಿಸುವ ವಿಧಾನವಿದೆ. ನಾನು ಮುಚ್ಚಳ ಕೀಳದೆ, ಹಳೆಯ ರಿಸೀವರಿನಿಂದ 20 ಹರ್ಟ್ಜ್‌ನ ಶುದ್ಧ ಸ್ವರವನ್ನು ಬಹಳ ಸಣ್ಣದಾಗಿ ಹರಿಸಿದೆ. ಕೋನ್ ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಆಡುತ್ತಿತ್ತು. ಎಲ್ಲಿಯಾದರೂ ಉಜ್ಜಿದರೆ ಸಣ್ಣ ಕೆರೆತ ಕೇಳಿಸುತ್ತಿತ್ತು, ಬಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ನಿಲ್ಲುತ್ತಿತ್ತು. ಹೀಗೆ ಕೆರೆತ ಪೂರ್ತಿ ನಿಂತು ಕೋನ್ ನಿಶ್ಶಬ್ದವಾಗಿ ಉಸಿರಾಡುವಂತೆ ಚಲಿಸತೊಡಗಿದಾಗ ಅಂಚನ್ನು ಒತ್ತಿ ಹಿಡಿದು, ಇಪ್ಪತ್ತನಾಲ್ಕು ಗಂಟೆ ಹಾಗೇ ಬಿಟ್ಟೆ. ಮರುದಿನ ಸಂಜೆ ಅದೇ ಸ್ಪೀಕರ್‌ನಲ್ಲಿ ಗಂಡು ದನಿಯ ನಿರೂಪಣೆ ಕೇಳಿದಾಗ ಹದಿನೈದು ವರ್ಷಗಳ ಹಿಂದಿನ ಸ್ವರವೇ ಮರಳಿ ಬಂದಿತ್ತು. ನಿಜ ಹೇಳಬೇಕೆಂದರೆ ಆ ಕ್ಷಣದ ಸಂತೋಷ ಹೊಸ ಸ್ಪೀಕರ್ ಕೊಂಡಿದ್ದರೂ ಸಿಗುತ್ತಿರಲಿಲ್ಲ.

ಇನ್ನು ರಿಸೀವರ್. ಸೆಂಟರ್ ಸ್ಪೀಕರ್ ಮೌನವಾಗುತ್ತಿದ್ದುದರಲ್ಲಿ ಒಂದು ಕ್ರಮವಿತ್ತು: ಸಣ್ಣ ದನಿಯಲ್ಲಿ ಅದು ಕೇಳಿಸುತ್ತಿರಲಿಲ್ಲ, ವಾಲ್ಯೂಮನ್ನು ಒಮ್ಮೆ ಜೋರು ಮಾಡಿದರೆ ಪಟ್ಟೆಂದು ಬರುತ್ತಿತ್ತು, ಆಮೇಲೆ ಇಳಿಸಿದರೂ ಉಳಿಯುತ್ತಿತ್ತು. ಸ್ಪೀಕರ್ ಸಾಲಿನ ರಿಲೇಯ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಸಂಪರ್ಕಗಳಿಗೆ ಕಿಲುಬು ಹಿಡಿದಿರುವುದರ ಸ್ಪಷ್ಟ ಲಕ್ಷಣ ಇದು. ವಾಲ್ಯೂಮ್ ಗುಂಡಿಯ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಸಲ ತಿರುಗಿಸಿದ ಮೇಲೆ ಹೋಯಿತು, ಆದರೆ ರಿಲೇ ಮುಚ್ಚಿದ ಪೆಟ್ಟಿಗೆಯಾದ್ದರಿಂದ ಅದನ್ನು ಬದಲಿಸದೆ ಬೇರೆ ದಾರಿ ಇರಲಿಲ್ಲ. ರಿಸೀವರಿನ ಒಳಗೆ ದೊಡ್ಡ ಕೆಪಾಸಿಟರ್‌ಗಳಿರುತ್ತವೆ, ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಬೆಸುಗೆ ಗೊತ್ತಿರುವ ತಂತ್ರಜ್ಞರ ಹೊರತು ಮತ್ತಾರೂ ಮುಚ್ಚಳ ತೆಗೆದು ಕೈಯಾಡಿಸಬಾರದು. ರಿಪೇರಿಗೆ ಹೇಳಿದ ಮೊತ್ತವೂ ಅದಕ್ಕಿಂತ ಐದಾರು ವರ್ಷ ಹೊಸದಾದ, ಬಳಸಿದ ರಿಸೀವರಿನ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಮೂಗಿಗಿಂತ ಮೂಗುತಿ ಭಾರ ಬೇಡವೆಂದು ಎರಡನೆಯದನ್ನು ಕೊಂಡೆ.

ಬಳಸಿದ ರಿಸೀವರ್ ಕೊಳ್ಳುವವರು ವ್ಯಾಟ್ ಸಂಖ್ಯೆಗೆ ಮರುಳಾಗದೆ, ಹಿಂಬದಿಯ ಎಚ್‌ಡಿಎಂಐ ಔಟ್ ಕಿಂಡಿಯ ಪಕ್ಕದಲ್ಲಿ ‘ಎಆರ್‌ಸಿ’ ಎಂದು ಬರೆದಿದೆಯೇ ಎಂದು ಮೊದಲು ನೋಡಬೇಕು. ವ್ಯಾಟ್ ಇಮ್ಮಡಿಯಾದರೂ ದನಿ ಏರುವುದು ಮೂರು ಡೆಸಿಬೆಲ್ ಮಾತ್ರ, ಅದು ಕಿವಿಗೆ ಸಣ್ಣ ಹೆಚ್ಚಳವಷ್ಟೇ. ಆಡಿಯೊ ರಿಟರ್ನ್ ಚಾನೆಲ್ ಎಂಬ ಈ ಸೌಲಭ್ಯ 2009ರ ಎಚ್‌ಡಿಎಂಐ 1.4ರೊಂದಿಗೆ ಬಂತು. ಟಿವಿಯಿಂದ ರಿಸೀವರಿಗೆ ಅದೇ ಕೇಬಲಿನಲ್ಲಿ ಧ್ವನಿ ಹಿಮ್ಮುಖವಾಗಿ ಹರಿಯುತ್ತದೆ. ಇದರ ದೊಡ್ಡ ಲಾಭವೆಂದರೆ 4ಕೆ ಚಿತ್ರವನ್ನು ಹಾಯಿಸಲಾಗದ ಹಳೆಯ ರಿಸೀವರೂ ನಿರುಪಯೋಗಿಯಾಗುವುದಿಲ್ಲ. ಪ್ಲೇಯರ್, ಸ್ಟ್ರೀಮಿಂಗ್ ಕಡ್ಡಿ, ಗೇಮ್ ಕನ್ಸೋಲ್ ಎಲ್ಲವನ್ನೂ ನೇರವಾಗಿ ಟಿವಿಗೇ ಸಿಕ್ಕಿಸಿ, ಧ್ವನಿಯನ್ನು ಮಾತ್ರ ಎಆರ್‌ಸಿ ಮೂಲಕ ರಿಸೀವರಿಗೆ ಕಳಿಸಿದರೆ ಚಿತ್ರದ ಗುಣಮಟ್ಟಕ್ಕೆ ರಿಸೀವರಿನ ವಯಸ್ಸು ಅಡ್ಡಿಯಾಗುವುದಿಲ್ಲ. ಸ್ಟ್ರೀಮಿಂಗ್ ಸೇವೆಗಳು ಹೆಚ್ಚಾಗಿ ಬಳಸುವ ಡಾಲ್ಬಿ ಡಿಜಿಟಲ್ ಪ್ಲಸ್ ಎಆರ್‌ಸಿಯಲ್ಲಿ ಹಾಯಬಲ್ಲದು. ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿಯಂಥ ನಷ್ಟರಹಿತ ಧ್ವನಿಗೆ ಮಾತ್ರ ಎಚ್‌ಡಿಎಂಐ 2.1ರ ಇಎಆರ್‌ಸಿ, ಅಂದರೆ ಎಆರ್‌ಸಿಯ ಸುಧಾರಿತ ರೂಪ ಬೇಕು. ಡಿಸ್ಕ್ ನೋಡುವ ಅಭ್ಯಾಸವಿಲ್ಲದವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ರಿಸೀವರ್ ಬದಲಿಸಲು ಇಷ್ಟವಿಲ್ಲದವರು ಬೆಳಕಿನ ಮೂಲಕ ಧ್ವನಿ ಕಳಿಸುವ ಟಿವಿಯ ಆಪ್ಟಿಕಲ್ ಕಿಂಡಿಯನ್ನು ಮೊದಲು ಪ್ರಯತ್ನಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. 1983ರಲ್ಲಿ ತೋಶಿಬಾ ತಂದ ಟಾಸ್‌ಲಿಂಕ್ ಕನೆಕ್ಟರ್ ಇಂದಿಗೂ ಹಲವು ಟಿವಿಗಳಲ್ಲಿದೆ, ಎರಡು ಚಾನೆಲಿನ ಪಿಸಿಎಂ (ಸಂಕುಚಿಸದ ಡಿಜಿಟಲ್ ಧ್ವನಿ) ಅಥವಾ ಸಂಕುಚಿತ 5.1 (ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿನ) ಡಾಲ್ಬಿ ಡಿಜಿಟಲ್ ಇದರಲ್ಲಿ ಸಲೀಸಾಗಿ ಹಾಯುತ್ತದೆ. ಟಿವಿಯ ಧ್ವನಿ ಸೆಟ್ಟಿಂಗಿನಲ್ಲಿ ‘ಪಿಸಿಎಂ’ ಎಂದಿದ್ದರೆ ಐದು ಸ್ಪೀಕರಿಗೂ ಸ್ಟೀರಿಯೊ ಮಾತ್ರ ಬರುತ್ತದೆ, ಸೆಂಟರ್ ಸ್ಪೀಕರಿಗೆ ಪ್ರತ್ಯೇಕ ಮಾತು ಸಿಗುವುದಿಲ್ಲ. ಅದನ್ನು ‘ಡಾಲ್ಬಿ ಡಿಜಿಟಲ್’ ಅಥವಾ ‘ಬಿಟ್‌ಸ್ಟ್ರೀಮ್’ ಎಂದು ಬದಲಿಸಿದರೆ ರಿಸೀವರಿನ ಮುಖದಲ್ಲಿ ದೀಪ ಬದಲಾಗುವುದು ಕಾಣುತ್ತದೆ. ನಮ್ಮ ಮನೆಯಲ್ಲಿ ಹೊಸ ಟಿವಿ ಬಂದಂದಿನಿಂದ ಈ ಒಂದು ಸೆಟ್ಟಿಂಗ್ ತಪ್ಪಾಗಿಯೇ ಇತ್ತು. ಎರಡು ವರ್ಷ ನಾವು ಸ್ಟೀರಿಯೊ ಕೇಳುತ್ತ ಸ್ಪೀಕರುಗಳನ್ನು ದೂರುತ್ತಿದ್ದೆವೆಂಬುದು ಗೊತ್ತಾದಾಗ ಬೇಸರವಾಯಿತು. ಇದಕ್ಕೂ ಮುಂಚೆ ನಾನು ಎಆರ್‌ಸಿಯನ್ನು ಆಪ್ಟಿಕಲ್ ಆಗಿ ಬದಲಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡಿದ್ದೆ. ಟಿವಿ ಆರಿಸಿ ಹಚ್ಚಿದಾಗಲೆಲ್ಲ ಅದು ಸಂಪರ್ಕ ಕಳೆದುಕೊಳ್ಳುತ್ತಿತ್ತು, ಪ್ಲಗ್ ತೆಗೆದು ಮತ್ತೆ ಹಾಕಬೇಕಾಗುತ್ತಿತ್ತು. ಟಿವಿಯಲ್ಲೇ ಆಪ್ಟಿಕಲ್ ಇರುವವರಿಗೆ ಆ ಪೆಟ್ಟಿಗೆ ಪೂರ್ತಿ ವ್ಯರ್ಥ.

ನಾನು ಕೊಂಡ ರಿಸೀವರಿನ ಬಗ್ಗೆ ಹೇಳುವುದಾದರೆ, ಅದು ಬಂದ ದಿನದಿಂದ ಇಂದಿನವರೆಗೆ ಏಳು ತಿಂಗಳು ತೊಂದರೆಯಿಲ್ಲದೆ ನಡೆದಿದೆ. ಕೊಳ್ಳುವ ಮುನ್ನ ಮಾರುವವರ ಮನೆಯಲ್ಲೇ ಅರ್ಧ ಗಂಟೆ ಹಚ್ಚಿಟ್ಟು, ಪ್ರತಿ ಚಾನೆಲಿಗೂ ಪರೀಕ್ಷಾ ಸ್ವರ ಕಳಿಸಿ, ಎಲ್ಲ ಎಚ್‌ಡಿಎಂಐ ಕಿಂಡಿಗಳನ್ನೂ ಒಂದೊಂದಾಗಿ ನೋಡಿದ್ದೆ. ಶಾಖದಿಂದಾಗಿ ಎಚ್‌ಡಿಎಂಐ ಬೋರ್ಡ್ ಕೆಡುವುದು ಹಳೆಯ ರಿಸೀವರುಗಳಲ್ಲಿ ಸಾಮಾನ್ಯ, ಹೀಗಾಗಿ ಈ ಪರೀಕ್ಷೆಯನ್ನು ಬಿಡಬಾರದು. ನಮ್ಮಲ್ಲಿ ಅದನ್ನು ಮುಚ್ಚಿದ ಕಪಾಟಿನಿಂದ ಹೊರತಂದು ಮೇಲೆ ಒಂದು ಗೇಣು ಖಾಲಿ ಜಾಗ ಬಿಟ್ಟಿದ್ದೇನೆ. ಒಂದು ಕೊರತೆಯೆಂದರೆ ಕೋಣೆಗೆ ತಕ್ಕಂತೆ ಧ್ವನಿ ಹೊಂದಿಸುವ ಮೈಕ್ ಅದರ ಜತೆ ಬರಲಿಲ್ಲ. ಬಳಸಿದ ರಿಸೀವರುಗಳಲ್ಲಿ ಕಳೆದುಹೋಗುವ ಮೊದಲ ವಸ್ತು ಇದೇ, ಒಂದು ಕಂಪನಿಯ ಮೈಕ್ ಮತ್ತೊಂದರ ರಿಸೀವರಿಗೆ ಸರಿಹೊಂದುತ್ತದೆಂಬ ಭರವಸೆಯೂ ಇಲ್ಲ. ನಾನು ಅಳತೆಪಟ್ಟಿ ಮತ್ತು ಫೋನಿನ ಡೆಸಿಬೆಲ್ ಆ್ಯಪ್ ಹಿಡಿದು ಕೈಯಿಂದಲೇ ಹೊಂದಿಸಿದೆ. ಫೋನಿನ ಮೈಕ್ ನಿಖರವಲ್ಲ, ಆದರೆ ಒಂದು ಸ್ಪೀಕರಿಗೂ ಮತ್ತೊಂದಕ್ಕೂ ಇರುವ ವ್ಯತ್ಯಾಸ ತಿಳಿಯಲು ಸಾಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಒಂದು ಮೀಟರ್ ಹೆಚ್ಚು ದೂರವಿದ್ದರೆ ಮೂರು ಮಿಲಿಸೆಕೆಂಡ್ ತಡವಾಗುತ್ತದೆ. ದೂರಗಳನ್ನು ಸರಿಯಾಗಿ ನಮೂದಿಸಿದರೆ ರಿಸೀವರ್ ಅದನ್ನು ಸರಿದೂಗಿಸುತ್ತದೆ. ರಿಸೀವರಿನ ಸೆಟ್ಟಿಂಗಿನಲ್ಲಿ ಎಲ್ಲ ಸ್ಪೀಕರುಗಳನ್ನೂ ‘ಸ್ಮಾಲ್’ ಎಂದು ಗುರುತಿಸಿ, ಯಾವ ಆವರ್ತನಕ್ಕಿಂತ ಕೆಳಗಿನ ದನಿ ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಟ್ಟೆ, ಹಿಂದಿನ ಪುಟ್ಟ ಸ್ಪೀಕರುಗಳಿಗೆ ಮಾತ್ರ 120. ಭಾರದ ಸದ್ದೆಲ್ಲ ಸಬ್‌ವೂಫರಿಗೆ ಹೋದ ಮೇಲೆ ಹೊಸ ಫೋಮಿನ ವೂಫರುಗಳ ಮೇಲಿನ ಒತ್ತಡ ಇಳಿದು ಮಾತು ಮತ್ತಷ್ಟು ತಿಳಿಯಾಯಿತು.

ಸಬ್‌ವೂಫರ್ ನನ್ನನ್ನು ಅತಿ ಹೆಚ್ಚು ದಿನ ಕಾಡಿತು. ಗುಂಯ್‌ಗುಡುವಿಕೆಗೆ ಎರಡು ಕಾರಣಗಳಿರಬಹುದು. ವಿದ್ಯುತ್ ಸರಬರಾಜಿನ ಆವರ್ತನದಲ್ಲೇ, ಅಂದರೆ 50 ಅಥವಾ 60 ಹರ್ಟ್ಜ್‌ನಲ್ಲಿ ಗುಂಯ್‌ಗುಟ್ಟಿದರೆ ಅದು ಹೆಚ್ಚಾಗಿ ಅರ್ತಿಂಗ್ ಸುತ್ತಿನಿಂದ (ಸಾಧನಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್‌ಗೆ ಸೇರಿ ಉಂಟಾಗುವ ವರ್ತುಲ) ಬಂದದ್ದು, ಅದರ ಎರಡರಷ್ಟು ಆವರ್ತನದಲ್ಲಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಬಡವಾಗಿರುವ ಸಾಧ್ಯತೆ ಹೆಚ್ಚು. ಸಿಗ್ನಲ್ ಕೇಬಲ್ ಕಿತ್ತು ನೋಡಿದೆ, ಸದ್ದು ನಿಂತಿತು. ಆದ್ದರಿಂದ ಆಂಪ್ಲಿಫೈಯರ್ ಚೆನ್ನಾಗಿತ್ತು. ಆಂಟೆನಾ ಕೇಬಲನ್ನು ಟಿವಿಯಿಂದ ತೆಗೆದಾಗಲೂ ನಿಂತಿತು, ಅಲ್ಲಿಗೆ ಕಳ್ಳ ಸಿಕ್ಕಿದ. ಆ ಕೇಬಲಿಗೆ ಈ ಸುತ್ತನ್ನು ತುಂಡರಿಸುವ ಒಂದು ಐಸೊಲೇಟರ್ ಹಾಕಿ, ಟಿವಿ, ರಿಸೀವರ್, ಸಬ್‌ವೂಫರ್ ಮೂರಕ್ಕೂ ಒಂದೇ ವಿದ್ಯುತ್ ಬೋರ್ಡಿನಿಂದ ಸಂಪರ್ಕ ಕೊಟ್ಟೆ. ಗುಂಯ್‌ಗುಡುವಿಕೆ ಹೋಗಲೆಂದು ಪ್ಲಗ್‌ನ ಅರ್ತ್ ಪಿನ್ನನ್ನೇ ಕತ್ತರಿಸುವವರಿದ್ದಾರೆ. ಅದು ಜೀವಕ್ಕೆ ಎರವಾಗುವ ಕೆಲಸ, ಯಾರೂ ಮಾಡಬಾರದು.

ಆ ಮೇಲೆ ಉಳಿದದ್ದು ಜಾಗದ ಪ್ರಶ್ನೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಕೆಲವು ಸ್ವರಗಳಿಗೆ ಸಿಡಿಲಿನಂತೆ ಮೊರೆಯುತ್ತಿತ್ತು, ಮತ್ತೆ ಕೆಲವಕ್ಕೆ ಸದ್ದೇ ಇರುತ್ತಿರಲಿಲ್ಲ. ಗೆಳೆಯರೊಬ್ಬರಿಂದ ಅಳತೆಯ ಯುಎಸ್‌ಬಿ ಮೈಕ್ ಎರವಲು ತಂದು, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಜರ್ಡ್ ತಂತ್ರಾಂಶದಲ್ಲಿ ಅಳೆದಾಗ 45 ಹರ್ಟ್ಜ್ ಬಳಿ ಎದ್ದು ನಿಂತ ಶಿಖರವೊಂದು ಕಂಡಿತು. ನಮ್ಮ ಕೋಣೆಯ ಉದ್ದ 3.8 ಮೀಟರ್, ಸದ್ದಿನ ವೇಗವನ್ನು ಆ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸರಿಯಾಗಿ 45 ಬರುತ್ತದೆ. ಎದುರುಬದುರಿನ ಗೋಡೆಗಳ ನಡುವೆ ಆ ಸ್ವರ ತಾನೇ ತಾನಾಗಿ ಬಲಗೊಳ್ಳುತ್ತಿತ್ತು. ಆಗ ಒಂದು ಹಳೆಯ ಉಪಾಯ ಮಾಡಿದೆ: ಸಬ್‌ವೂಫರನ್ನು ನಾವು ಕೂರುವ ಸೋಫಾದ ಮೇಲಿಟ್ಟು, ಬೇಸ್ ತುಂಬಿದ ಸಂಗೀತ ಹಚ್ಚಿ, ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯಂಚಿನುದ್ದಕ್ಕೂ ಕಿವಿಗೊಟ್ಟೆ. ಮುಂದಿನ ಬಲ ಸ್ಪೀಕರಿನ ಪಕ್ಕದಲ್ಲಿ, ಮೂಲೆಯಿಂದ ಒಂದೂಕಾಲು ಮೀಟರ್ ಈಚೆ ಒಂದು ಜಾಗದಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳಿಸಿದವು. ಸಬ್‌ವೂಫರನ್ನು ಅಲ್ಲಿಗೇ ಸ್ಥಳಾಂತರಿಸಿ ಮತ್ತೆ ಅಳೆದಾಗ ಶಿಖರ ಪೂರ್ತಿ ಹೋಗದಿದ್ದರೂ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. ಒಂದು ಕಾಸು ಖರ್ಚಿಲ್ಲದ ಈ ಬದಲಾವಣೆ ಇಡೀ ಕೆಲಸದಲ್ಲಿ ಫೋಮ್ ಕಿಟ್‌ನ ನಂತರದ ಸ್ಥಾನಕ್ಕೆ ಅರ್ಹ.

ತಂತಿಯ ವಿಷಯದಲ್ಲಿ ಮಾತ್ರ ನಾನು ಮೋಸ ಹೋದೆ. ಹಿಂದಿನ ಸ್ಪೀಕರುಗಳ ಹಳೆಯ ತಂತಿ ಹಸಿರು ಹಿಡಿದಿದ್ದರಿಂದ ‘ಶುದ್ಧ ತಾಮ್ರ’ ಎಂದು ಮಾರುತ್ತಿದ್ದ ಹದಿನಾರು ಗೇಜಿನ ಸುರುಳಿಯೊಂದನ್ನು ತಂದೆ. ಕೈಗೆ ಹಗುರವೆನಿಸಿ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿದಾಗ ಕೆಂಪು ಲೇಪದೊಳಗೆ ಬಿಳಿ ಅಲ್ಯೂಮಿನಿಯಂ ಹೊಳೆಯಿತು. ಅಲ್ಯೂಮಿನಿಯಮಿನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಐದಾರು ಮೀಟರ್ ದೂರಕ್ಕೆ ಆ ವ್ಯತ್ಯಾಸ ಕಿವಿಗೆ ಗೊತ್ತಾಗುವುದಿಲ್ಲವೆಂಬುದು ಸತ್ಯವಾದರೂ ತಾಮ್ರವೆಂದು ಹೇಳಿ ಮತ್ತೊಂದನ್ನು ಕೊಡುವುದು ತಪ್ಪೇ. ನಿಜವಾದ ತಾಮ್ರದ ಸಾಮಾನ್ಯ ತಂತಿ ಸಿಕ್ಕಿದರೆ ಸಾಕು. ಆಕ್ಸಿಜನ್ ಮುಕ್ತ, ಬೆಳ್ಳಿ ಲೇಪಿತ ಎಂಬ ವಿಶೇಷಣಗಳಿಗೆ ಹೆಚ್ಚಿನ ಹಣ ಕೊಡುವುದು ಬೇಡ. ತಂತಿ ಬದಲಿಸುವಾಗ ಎಲ್ಲ ಸ್ಪೀಕರುಗಳಿಗೂ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯೇ ನೋಡಿಕೊಳ್ಳಬೇಕು. ಗುರುತು ಅಳಿಸಿದ್ದರೆ ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಯ ಆಚೆ ತುದಿಗೆ ಕ್ಷಣಕಾಲ ಮುಟ್ಟಿಸಿದರೆ ವೂಫರ್ ಮುಂದೆ ಬರುತ್ತದೆಯೋ ಹಿಂದೆ ಸರಿಯುತ್ತದೆಯೋ ಕಾಣುತ್ತದೆ. ಸೆಲ್ಲಿನ ಧನ ತುದಿ ಮುಟ್ಟಿದ ತಂತಿ ಕೆಂಪಿನದಾದರೆ ಕೋನ್ ಮುಂದೆ ಬರಬೇಕು. ನಮ್ಮ ಹಿಂದಿನ ಬಲ ಸ್ಪೀಕರ್ ಎಷ್ಟೋ ವರ್ಷಗಳಿಂದ ತಿರುಗುಮುರುಗಾಗಿತ್ತು.

ಹಿಂದಿನ ಎರಡು ಸ್ಪೀಕರುಗಳನ್ನು ನೇರ ಬೆನ್ನ ಹಿಂದಿನಿಂದ ಪಕ್ಕಕ್ಕೆ, ಕೂತವರ ಎದುರಿನ ನೇರದಿಂದ ಸುಮಾರು 110 ಡಿಗ್ರಿ ಕೋನಕ್ಕೆ ತಂದೆ. ಸೆಂಟರ್ ಸ್ಪೀಕರಿನ ಕೆಳಗೆ ಎರಡು ರಬ್ಬರ್ ತುಂಡಿಟ್ಟು ಅದರ ಮುಖವನ್ನು ನಮ್ಮ ಕಿವಿಯ ಎತ್ತರಕ್ಕೆ ಎತ್ತಿದೆ. ಮಾತು ಮೊಣಕಾಲಿಗೆ ಬಡಿಯುವ ಬದಲು ಮುಖಕ್ಕೆ ಬರತೊಡಗಿತು. ಸಬ್‌ಟೈಟಲ್ ಬೇಕೆಂದು ಈಗ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಪಿಸುಮಾತಿನ ದೃಶ್ಯದಲ್ಲೂ ರಿಮೋಟಿಗೆ ಕೈ ಹೋಗುವುದಿಲ್ಲ, ಮಳೆಯ ದೃಶ್ಯ ಬಂದರೆ ಕಿಟಕಿ ಮುಚ್ಚಿದೆಯೇ ಎಂದು ಅಮ್ಮ ತಿರುಗಿ ನೋಡುತ್ತಾರೆ.

ಇಷ್ಟಾಗಿಯೂ ಈ ವ್ಯವಸ್ಥೆಗೆ ಮಿತಿಗಳಿವೆ. ತಲೆಯ ಮೇಲಿನಿಂದ ಸದ್ದು ಬರುವ ಅಟ್ಮಾಸ್ ಇದರಲ್ಲಿಲ್ಲ, ಎರಡು ಪೆಟ್ಟಿಗೆ ಮತ್ತು ಐದು ತಂತಿಗಳ ಗೋಜಲು ಸೌಂಡ್‌ಬಾರಿನಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ, ಸಣ್ಣ ಕೋಣೆಯಲ್ಲಿರುವವರಿಗೆ ಅಥವಾ ಕೈಯಿಂದ ಕೆಲಸ ಮಾಡುವ ಒಲವಿಲ್ಲದವರಿಗೆ ಸೌಂಡ್‌ಬಾರೇ ಸರಿ. ಆದರೆ ಸಂಬಂಧಿಕರ ಮನೆಯಲ್ಲಿ ಒಂದು ವಾರ ಸೌಂಡ್‌ಬಾರ್ ಕೇಳಿ ಬಂದ ಮೇಲೆ ನನಗೆ ಅನುಮಾನ ಉಳಿದಿಲ್ಲ: ನಿಜವಾಗಿ ಹಿಂದಿನಿಂದ ಬರುವ ಸದ್ದಿಗೂ ಗೋಡೆಗೆ ಬಡಿದು ಬರುವ ಸದ್ದಿಗೂ ವ್ಯತ್ಯಾಸ ಬಹಳ. ಒಟ್ಟು ಖರ್ಚು ನಾನು ಹಾಕಿಕೊಂಡ ಮಿತಿಯೊಳಗೇ ಮುಗಿಯಿತು, ಅದರಲ್ಲಿ ಹೆಚ್ಚಿನ ಪಾಲು ರಿಸೀವರಿನದು. ಸಬ್‌ವೂಫರಿನ ಹತ್ತು ಇಂಚಿನ ಫೋಮ್ ಬಳೆ ಇನ್ನೂ ಹಳೆಯದೇ. ಮೊನ್ನೆ ಒತ್ತಿ ನೋಡಿದಾಗ ಒಂದು ಕಡೆ ಬೂದು ಪುಡಿ ಬೆರಳಿಗೆ ಬಂತು, ಅದರ ಅಳತೆಗಳನ್ನು ಮೂರೂ ಕಡೆ ತೆಗೆದುಕೊಂಡು ಕಿಟ್ ತರಿಸಿಟ್ಟಿದ್ದೇನೆ.